ಗಾಳಿಬೈರಿಗೆ: ಅಣಿಗೊಳಿಸುವ ಬಗೆ, ಆರೋಗ್ಯದ ಎಚ್ಚರ

ಪಂಚಭೂತಗಳಲ್ಲಿ ವಾಯುವಿನಷ್ಟು ನಿರುಪದ್ರವಿಯೆಂದು ನಾವು ನಂಬಿರುವುದು ಬೇರೊಂದಿಲ್ಲ. ಬೆಂಕಿಗೆ ಅಂಜುತ್ತೇವೆ, ನೀರಿಗೆ ಅಂಜುತ್ತೇವೆ. ಕ್ಷಣಕ್ಷಣವೂ ಒಳಗೆಳೆದು ಹೊರಬಿಡುವ ಗಾಳಿಗೆ ಅಂಜುವವರಿಲ್ಲ. ಆದರೆ ಅದೇ ಗಾಳಿಯನ್ನು ಅದರ ಸಹಜ ಗಾತ್ರದ ಏಳರಲ್ಲಿ ಒಂದು ಪಾಲಿಗೆ ಒತ್ತಿ ಉಕ್ಕಿನ ತೊಟ್ಟಿಯೊಳಗೆ ತುಂಬಿದಾಗ ಅದು ಬಂಡೆಯನ್ನು ಕೊರೆಯುತ್ತದೆ, ಲೋಹದ ತಗಡನ್ನು ತೂತುಮಾಡುತ್ತದೆ; ಎಚ್ಚರ ತಪ್ಪಿದವನ ಕಣ್ಣು, ಕಿವಿ, ಕರುಳುಗಳನ್ನೂ ಘಾಸಿಗೊಳಿಸುತ್ತದೆ. ಗಾಳಿಯ ಬಲದಿಂದ ತಿರುಗುವ ಬೈರಿಗೆಯನ್ನು ಕುರಿತು ಆರೋಗ್ಯ ಲೇಖನಗಳ ನಡುವೆ ಬರೆಯುವುದಕ್ಕೆ ಇದೇ ಕಾರಣ. ಈ ಯಂತ್ರದ ಅಪಾಯವು ಕಣ್ಣಿಗೆ ಕಾಣುವ ಮೊನೆಯಲ್ಲಿರುವುದಕ್ಕಿಂತ ಕಣ್ಣಿಗೆ ಕಾಣದ ಒತ್ತಡದಲ್ಲಿ, ಧೂಳಿನಲ್ಲಿ, ಕಂಪನದಲ್ಲಿ ಹೆಚ್ಚಾಗಿ ಅಡಗಿದೆ.

ದಾದರಿನಲ್ಲಿ ವಾಸಿಸುವ ನಮಗೆ ಈ ಯಂತ್ರವು ಅಪರಿಚಿತವಲ್ಲ. ರಸ್ತೆ ಅಗೆಯುವಾಗ ಟ್ರ್ಯಾಕ್ಟರಿನ ಬೆನ್ನಿಗೆ ಕಟ್ಟಿದ ಕಂಪ್ರೆಸರಿನಿಂದ ಉದ್ದನೆಯ ರಬ್ಬರ್ ಕೊಳವೆಯ ಮೂಲಕ ಗಾಳಿ ಪಡೆದು ದಡದಡನೆ ಬಡಿಯುವ ಉಪಕರಣವನ್ನು ನೋಡದವರಾರು? ಮೋಟಾರು ಗ್ಯಾರೇಜುಗಳಲ್ಲಿಯೂ ಸಣ್ಣಪುಟ್ಟ ಕಾರ್ಖಾನೆಗಳಲ್ಲಿಯೂ ಪಿಸ್ತೂಲಿನ ಆಕಾರದ ಕೈಬೈರಿಗೆ ಗಾಳಿಯಿಂದಲೇ ತಿರುಗುತ್ತದೆ. ದಂತವೈದ್ಯರ ಕೊಠಡಿಯಲ್ಲಿ ಕೀಚಲು ದನಿಯಿಂದ ನಮ್ಮ ಎದೆ ನಡುಗಿಸುವ ಕೊರೆಯುವ ಸಾಧನವೂ ಇದೇ ಮನೆತನದ್ದು. ಹಳೆಯ ಕಟ್ಟಡಗಳು ಉರುಳಿ ಗಗನಚುಂಬಿಗಳು ಏಳುತ್ತಿವೆ. 2025ರ ಮೇ ತಿಂಗಳಿನಿಂದ ದಾದರಿನ ನೆಲದಡಿಯಲ್ಲಿಯೇ ಮೆಟ್ರೋ ರೈಲು ಓಡುತ್ತಿದೆ. ಮೇಲಕ್ಕೂ ಕೆಳಕ್ಕೂ ಬೆಳೆಯುತ್ತಿರುವ ನಗರದಲ್ಲಿ ಕೊರೆಯುವ ಕೆಲಸಕ್ಕೆ ಬಿಡುವಿಲ್ಲ. ಆ ಕೆಲಸಕ್ಕೆ ಕೈಕೊಟ್ಟವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳಿಂದ ಹೊಟ್ಟೆಪಾಡಿಗಾಗಿ ಬಂದ ನಮ್ಮ ನಾಡಿನವರೂ ಇದ್ದಾರೆಂಬುದನ್ನು ಮರೆಯಲಾಗದು.

ಹಿನ್ನೆಲೆ

ಮುಂಬಯಿಯಿಂದ ಪುಣೆಗೆ ಹೋಗುವ ರೈಲುಹಾದಿಗಾಗಿ ಭೋರ್ ಘಾಟನ್ನು ಸೀಳಿದ್ದು 1856ರಿಂದ 1863ರವರೆಗೆ. ಅಲ್ಲಿ ಸಹ್ಯಾದ್ರಿಯ ಬಂಡೆಯನ್ನು ಒಡೆದದ್ದು ಕೈಚಾಣ, ಸುತ್ತಿಗೆ ಮತ್ತು ಕರಿಮದ್ದು. ಆ ಕೆಲಸ ನಡೆಯುತ್ತಿದ್ದಾಗಲೇ, ಯೂರೋಪಿನಲ್ಲಿ ಇಟಲಿ ಮತ್ತು ಫ್ರಾನ್ಸ್ ದೇಶಗಳ ನಡುವಣ ಆಲ್ಪ್ಸ್ ಪರ್ವತವನ್ನು ಕೊರೆಯಲು ಜೆರ್ಮೇನ್ ಸೊಮೆಯೇ ಎಂಬ ಇಂಜಿನಿಯರನು 1861ರಲ್ಲಿ ಗಾಳಿಯಿಂದ ನಡೆಯುವ ಬೈರಿಗೆಗಳನ್ನು ಹೂಡಿದನು. ಸುರಂಗದೊಳಗೆ ಉಗಿಯಂತ್ರ ಇಟ್ಟರೆ ಹೊಗೆ ತುಂಬಿ ಉಸಿರು ಕಟ್ಟುತ್ತದೆ. ಗಾಳಿಯ ಯಂತ್ರವಾದರೋ ಕೆಲಸ ಮುಗಿಸಿ ಹೊರಬಿಡುವುದು ಗಾಳಿಯನ್ನೇ. ಈ ಒಂದು ಗುಣದಿಂದ ಅದು ಗಣಿಗಳಿಗೂ ಸುರಂಗಗಳಿಗೂ ಅಚ್ಚುಮೆಚ್ಚಾಯಿತು. 1871ರಲ್ಲಿ ಆ ಸುರಂಗವು ಸಂಚಾರಕ್ಕೆ ತೆರೆಯಿತು.

ಕೈಯಿಂದ ಕೊರೆಯುವಾಗ ಏಳುವ ಧೂಳು ಅಲ್ಪ. ಯಂತ್ರವು ನಿಮಿಷಕ್ಕೆ ನೂರಾರು ಬಾರಿ ಬಡಿದಾಗ ಕಲ್ಲು ಹಿಟ್ಟಾಗಿ ಹಾರಿತು. ಅಮೆರಿಕದ ಡೆನ್ವರ್ ನಗರದ ಜಾರ್ಜ್ ಲೇನರ್ ಎಂಬಾತನು 1890ರ ದಶಕದಲ್ಲಿ ರೂಪಿಸಿದ ವೇಗದ ಬೈರಿಗೆಯು ಟೊಳ್ಳಾದ ಸರಳಿನ ಮೂಲಕ ಗಾಳಿಯನ್ನೂದಿ ಕಲ್ಲಿನ ಪುಡಿಯನ್ನು ಹೊರದಬ್ಬುತ್ತಿತ್ತು. ಕೆಲಸವೇನೋ ಶೀಘ್ರವಾಯಿತು, ಕೆಲಸಗಾರರು ಮಾತ್ರ ಕೆಮ್ಮಿ ಕೆಮ್ಮಿ ಸತ್ತರು. ಗಣಿಗಾರರು ಅಂತಹ ಯಂತ್ರಕ್ಕೆ ‘ವಿಧವೆಯರನ್ನು ಮಾಡುವ ಯಂತ್ರ’ ಎಂಬ ಕ್ರೂರವಾದ ಹೆಸರಿಟ್ಟರು. ಮುಂದೆ ಲೇನರನು ಅದೇ ಟೊಳ್ಳು ಸರಳಿನ ಮೂಲಕ ಗಾಳಿಯೊಡನೆ ನೀರನ್ನೂ ಹಾಯಿಸಿದನು. ಧೂಳು ಕೆಸರಾಗಿ ಕೆಳಗಿಳಿಯಿತು. ಒಂದು ತೆಳುವಾದ ನೀರಿನ ಧಾರೆಯೇ ಜೀವಕ್ಕೂ ಮರಣಕ್ಕೂ ನಡುವಿನ ಗೋಡೆಯಾಯಿತು.

ನಮ್ಮ ನಾಡಿನಲ್ಲಿ ಈ ಪಾಠವನ್ನು ಕಲಿಸಿದ್ದು ಕೋಲಾರದ ಚಿನ್ನದ ಗಣಿ. 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಕಾಲಿಟ್ಟ ಮೇಲೆ ಆಧುನಿಕ ಗಣಿಗಾರಿಕೆಯು ಬೆಳೆಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಅಲ್ಲಿಗೆ ಹರಿಯಿತು. ಚಾಂಪಿಯನ್ ರೀಫ್ ಗಣಿಯು ಮೂರು ಕಿಲೋಮೀಟರಿಗೂ ಮಿಕ್ಕಿದ ಆಳಕ್ಕಿಳಿಯಿತು. ಆ ಆಳದಲ್ಲಿ ಚಿನ್ನವಿದ್ದುದು ಬೆಣಚುಕಲ್ಲಿನ ಎಳೆಗಳಲ್ಲಿ. ಬೆಣಚುಕಲ್ಲೆಂದರೆ ಹೆಚ್ಚುಕಡಿಮೆ ಶುದ್ಧ ಸಿಲಿಕಾ. ಅದನ್ನು ಕೊರೆದವರ ಶ್ವಾಸಕೋಶಗಳಲ್ಲಿ ಕಲ್ಲಿನ ಹಿಟ್ಟು ಮನೆಮಾಡಿತು. ಭಾರತದಲ್ಲಿ ಸಿಲಿಕೋಸಿಸ್ ರೋಗದ ಮೊದಲ ವರದಿ 1947ರಲ್ಲಿ ಕೋಲಾರದ ಗಣಿಗಳಿಂದಲೇ ಬಂದಿತೆಂದು ವೈದ್ಯಕೀಯ ಪಠ್ಯಗಳು ಹೇಳುತ್ತವೆ. 2001ರಲ್ಲಿ ಗಣಿಯು ಮುಚ್ಚಿತು. ಆದರೆ ಅಲ್ಲಿ ಪ್ರಾಣ ತೆತ್ತು ಕಲಿತ ಪಾಠವು ನಮ್ಮ ಬೀದಿಯಲ್ಲಿ ಕೊರೆಯುತ್ತಿರುವವನಿಗೆ ಇನ್ನೂ ತಲುಪಿಲ್ಲದಿರುವುದು ವಿಷಾದಕರ.

ಅಣಿಗೊಳಿಸುವ ಕ್ರಮ

ಗಾಳಿಬೈರಿಗೆಗೆ ಮೂರು ಅಂಗಗಳು: ಗಾಳಿಯನ್ನು ಒತ್ತಿ ಕೂಡಿಡುವ ಕಂಪ್ರೆಸರ್ ಮತ್ತು ಅದರ ತೊಟ್ಟಿ, ಗಾಳಿಯನ್ನು ಹದಮಾಡಿ ಒಯ್ಯುವ ಕೊಳವೆ, ಕೆಲಸ ಮಾಡುವ ಬೈರಿಗೆ. ವಿದ್ಯುತ್ ಬೈರಿಗೆಗೆ ಹೋಲಿಸಿದರೆ ಇದು ತೂಕದಲ್ಲಿ ಹಗುರ. ಅತಿಭಾರದಿಂದ ನಿಂತುಹೋದರೂ ಸುಡುವ ಮೋಟಾರು ಇದರಲ್ಲಿಲ್ಲ. ಒದ್ದೆ ನೆಲದಲ್ಲಿ ಬೈರಿಗೆಯಿಂದ ವಿದ್ಯುದಾಘಾತದ ಭಯವಿಲ್ಲ. ಈ ಸದ್ಗುಣಗಳೇ ಅನೇಕರಲ್ಲಿ ಹುಸಿ ಧೈರ್ಯವನ್ನು ಹುಟ್ಟಿಸಿವೆ. ಆದುದರಿಂದ ಒಂದೊಂದು ಹೆಜ್ಜೆಯನ್ನೂ ಕ್ರಮವಾಗಿ ನೋಡೋಣ.

1. ಕಂಪ್ರೆಸರಿನ ಆಯ್ಕೆ: ಬೈರಿಗೆಯ ಮೇಲಿನ ಫಲಕದಲ್ಲಿ ಅದಕ್ಕೆ ನಿಮಿಷಕ್ಕೆ ಎಷ್ಟು ಗಾಳಿ ಬೇಕು, ಎಷ್ಟು ಒತ್ತಡ ಬೇಕು ಎಂಬುದನ್ನು ಬರೆದಿರುತ್ತಾರೆ. ಕೈಬೈರಿಗೆಗಳಿಗೆ ಸಾಮಾನ್ಯವಾಗಿ ಚದರ ಅಂಗುಲಕ್ಕೆ 90 ಪೌಂಡ್, ಅಂದರೆ ಸುಮಾರು 6 ಬಾರ್ ಒತ್ತಡ ಸಾಕು. ಕಾರಿನ ಚಕ್ರದಲ್ಲಿರುವ ಒತ್ತಡಕ್ಕಿಂತ ಇದು ಸುಮಾರು ಮೂರು ಪಟ್ಟು. ಕಂಪ್ರೆಸರಿನ ಸಾಮರ್ಥ್ಯವು ಬೈರಿಗೆಯ ಅಗತ್ಯಕ್ಕಿಂತ ಕಾಲುಭಾಗವಾದರೂ ಹೆಚ್ಚಿರಲಿ. ಗಾಳಿ ಸಾಲದೆ ಬೈರಿಗೆ ಕುಂಟಿದಾಗ ಒತ್ತಡದ ತಿರುಪನ್ನು ಏರಿಸುವುದು ತಪ್ಪು ಮದ್ದು. ಕೊಳವೆಯು ಕಿರಿದಾಗಿದೆಯೇ, ಸೋರುತ್ತಿದೆಯೇ ಎಂದು ಮೊದಲು ನೋಡಬೇಕು.

2. ಸ್ಥಳ: ಕಂಪ್ರೆಸರನ್ನು ಸಮತಟ್ಟಾದ, ಗಾಳಿಯಾಡುವ ಜಾಗದಲ್ಲಿ ನಿಲ್ಲಿಸಬೇಕು. ಡೀಸೆಲ್ ಯಂತ್ರವಾದರೆ ಮುಚ್ಚಿದ ಕೋಣೆಯಲ್ಲಾಗಲಿ ನೆಲಮಾಳಿಗೆಯಲ್ಲಾಗಲಿ ನಡೆಸಲೇಬಾರದು. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ವಾಸನೆಯಿಲ್ಲದ ವಿಷ. ವಿದ್ಯುತ್ತಿನದಾದರೆ ನೆಲಸಂಪರ್ಕದ ತಂತಿಯು ಸರಿಯಾಗಿರಲಿ. ಬೈರಿಗೆಯಲ್ಲಿ ವಿದ್ಯುತ್ತಿಲ್ಲದಿದ್ದರೂ ಕಂಪ್ರೆಸರಿನಲ್ಲಿ ಇದೆಯಷ್ಟೆ!

3. ತೊಟ್ಟಿಯ ನೀರು: ಮುಂಬಯಿಯವರು ಇದನ್ನು ಎರಡು ಬಾರಿ ಓದಬೇಕು. ಮಳೆಗಾಲದಲ್ಲಿ, 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ತೇವದಿಂದ ತುಂಬಿದ 7 ಘನಮೀಟರ್ ಗಾಳಿಯಲ್ಲಿ ಸುಮಾರು 180 ಗ್ರಾಂ ನೀರಾವಿ ಇರುತ್ತದೆ. ಅದನ್ನು ಒತ್ತಿ 1 ಘನಮೀಟರಿಗೆ ಇಳಿಸಿ ಮತ್ತೆ ಅದೇ ಉಷ್ಣತೆಗೆ ತಣಿಸಿದರೆ ಅದು ಆವಿಯಾಗಿ ಹಿಡಿದಿಡಬಲ್ಲುದು ಸುಮಾರು 30 ಗ್ರಾಂ ಮಾತ್ರ. ಉಳಿದ 150 ಗ್ರಾಂ ನೀರು ತೊಟ್ಟಿಯ ತಳದಲ್ಲಿ ನಿಲ್ಲುತ್ತದೆ, ಉಕ್ಕನ್ನು ಒಳಗಿನಿಂದ ತಿನ್ನುತ್ತದೆ. ಹೊರಗೆ ಬಣ್ಣ ಬಳಿದು ಹೊಳೆಯುವ ತೊಟ್ಟಿಯು ಒಳಗೆ ತುಕ್ಕಿನಿಂದ ತೆಳುವಾಗಿ ಒಂದು ದಿನ ಬಾಂಬಿನಂತೆ ಸಿಡಿಯಬಹುದು. ಆದುದರಿಂದ ತಳದ ನಲ್ಲಿಯನ್ನು ಪ್ರತಿದಿನವೂ ತೆರೆದು ನೀರನ್ನು ಹರಿಸಬೇಕು. ತೊಟ್ಟಿಯನ್ನು ನಿಯತಕಾಲಕ್ಕೆ ಅರ್ಹ ಪರೀಕ್ಷಕರಿಂದ ಪರೀಕ್ಷೆ ಮಾಡಿಸಬೇಕು. ರಕ್ಷಣಾ ಕವಾಟವು ಆಗಾಗ ಗಾಳಿ ಬಿಡುತ್ತದೆಂದು ಅದನ್ನು ತಂತಿಯಿಂದ ಬಿಗಿಯುವವರುಂಟು. ಅದು ಸಾವಿಗೆ ಆಮಂತ್ರಣ.

4. ಹದಗೊಳಿಸುವ ಸಾಧನ: ತೊಟ್ಟಿಯಿಂದ ಹೊರಟ ಗಾಳಿಯು ಮೊದಲು ಶೋಧಕವನ್ನೂ, ಅನಂತರ ಒತ್ತಡ ನಿಯಂತ್ರಕವನ್ನೂ, ಕೊನೆಗೆ ತೈಲ ತೊಟ್ಟಿಕ್ಕುವ ಸಾಧನವನ್ನೂ ಹಾದುಬರಬೇಕು. ಈ ಅನುಕ್ರಮವನ್ನು ಬದಲಿಸಬಾರದು. ತೈಲದ ಸಾಧನವಿಲ್ಲದಿದ್ದರೆ ಕೆಲಸಕ್ಕೆ ಮುನ್ನ ಬೈರಿಗೆಯ ಗಾಳಿಬಾಯಿಗೆ ಗಾಳಿ ಉಪಕರಣಗಳಿಗೆಂದೇ ಇರುವ ತೆಳುತೈಲದ ನಾಲ್ಕಾರು ಹನಿ ಬಿಟ್ಟರಾಯಿತು. ಮೋಟಾರು ಇಂಜಿನ್ನಿನ ದಪ್ಪ ಎಣ್ಣೆ ಸಲ್ಲದು.

5. ಕೊಳವೆ: ಕೆಲಸದ ಒತ್ತಡಕ್ಕೆ ತಕ್ಕ ಶಕ್ತಿಯುಳ್ಳ ಕೊಳವೆಯನ್ನೇ ಬಳಸಬೇಕು. ಮನೆಯ ನೀರಿಗೆ ಹಾಕುವ ಪಿವಿಸಿ ಕೊಳಾಯಿಯಲ್ಲಿ ಒತ್ತಿದ ಗಾಳಿಯನ್ನು ಸಾಗಿಸಬಾರದು. ಅದು ಒಡೆದರೆ ಚೂರುಗಳು ಗುಂಡಿನಂತೆ ಹಾರುತ್ತವೆ. ಜೋಡಿಸುವ ಮುನ್ನ ಕೊಳವೆಯ ತುದಿಯನ್ನು ಜನರಿಲ್ಲದ ಕಡೆಗೆ ಹಿಡಿದು, ಕ್ಷಣಕಾಲ ಗಾಳಿ ಹಾಯಿಸಿ, ಒಳಗಿನ ಕಸವನ್ನು ಕಳೆಯಬೇಕು. ಕೀಲು ಕಳಚಿದರೆ ಕೊಳವೆಯು ಕೆರಳಿದ ಹಾವಿನಂತೆ ಹೊರಳಿ ಹೊಡೆಯುತ್ತದೆ. ಆದುದರಿಂದ ರಸ್ತೆಯ ಕೆಲಸದ ದೊಡ್ಡ ಕೊಳವೆಗಳ ಕೀಲಿಗೆ ಕಡ್ಡಾಯವಾಗಿ ರಕ್ಷಣಾ ಪಿನ್ನು ಹಾಗೂ ಎರಡು ತುದಿಗಳನ್ನೂ ಬಂಧಿಸುವ ಉಕ್ಕಿನ ಹಗ್ಗ ಇರತಕ್ಕದ್ದು.

6. ಮೊನೆ: ಮೊನೆಯನ್ನು ತೊಡಿಸುವಾಗಲೂ ಬದಲಿಸುವಾಗಲೂ ಗಾಳಿಯ ಕವಾಟ ಮುಚ್ಚಿ, ಕೊಳವೆಯಲ್ಲಿ ಉಳಿದ ಗಾಳಿಯನ್ನು ಗುಂಡಿ ಒತ್ತಿ ಬಿಟ್ಟುಬಿಟ್ಟು, ಬೈರಿಗೆಯನ್ನು ಕೊಳವೆಯಿಂದ ಬೇರ್ಪಡಿಸಬೇಕು. ಕೊಳವೆಯನ್ನು ಮಡಚಿ ಹಿಡಿದು ಗಾಳಿಯನ್ನು ತಡೆಯುವ ರೂಢಿಯನ್ನು ಬಿಡಬೇಕು. ಮೊನೆಯನ್ನು ಬಿಗಿದ ಕೀಲಿಕೈಯನ್ನು ತೆಗೆದಿಟ್ಟ ಮೇಲೆಯೇ ಗಾಳಿ ಹಾಯಿಸಬೇಕು.

ಕೆಲಸ ಮಾಡುವಾಗ

ಕೊರೆಯತಕ್ಕ ವಸ್ತುವನ್ನು ಇನ್ನೊಬ್ಬರ ಕೈಗೆ ಹಿಡಿಯಲು ಕೊಡದೆ ಇಕ್ಕಳದಲ್ಲಿ ಬಿಗಿಯಬೇಕು. ಕಾಲುಗಳನ್ನು ತುಸು ಅಗಲಿಸಿ ನಿಂತು, ಎರಡು ಕೈಗಳಿಂದಲೂ ಯಂತ್ರವನ್ನು ಹಿಡಿದು, ಮೆಲ್ಲನೆ ಆರಂಭಿಸಬೇಕು. ಮೊನೆಯು ತಗಡಿನ ಆಚೆ ಬದಿಗೆ ಹೊರಬೀಳುವ ಕ್ಷಣವೇ ಅತ್ಯಂತ ಅಪಾಯದ್ದು. ಆಗ ಮೊನೆಯು ಸಿಕ್ಕಿಕೊಂಡು ಯಂತ್ರವೇ ಮಣಿಕಟ್ಟನ್ನು ತಿರುಚುತ್ತದೆ. ಆ ಹೊತ್ತಿಗೆ ಒತ್ತುವ ಬಲವನ್ನು ಕುಗ್ಗಿಸಬೇಕು. ಬೆರಳನ್ನೆತ್ತಿದೊಡನೆ ಯಂತ್ರವು ನಿಲ್ಲುವಂತೆ ಗುಂಡಿಯನ್ನು ಮಾಡಿರುವುದು ನಮ್ಮ ರಕ್ಷಣೆಗಾಗಿ. ಅದನ್ನು ದಾರದಿಂದ ಕಟ್ಟಿಹಾಕಬಾರದು.

ಸಡಿಲವಾದ ಅಂಗಿತೋಳು, ಹೆಗಲ ವಸ್ತ್ರ, ಸೀರೆಯ ಸೆರಗು, ಬಿಚ್ಚುಗೂದಲು, ಕೊರಳ ತಾಯಿತದ ದಾರ ಇವೆಲ್ಲ ತಿರುಗುವ ಮೊನೆಗೆ ಸುಲಭದ ತುತ್ತು. ತಿರುಗುವ ಬೈರಿಗೆಯ ಬಳಿ ಸಡಿಲ ಕೈಗವಸೂ ಬೇಡ. ಕಣ್ಣಿಗೆ ಬದಿ ಮುಚ್ಚುವ ಕನ್ನಡಕ ಬೇಕೇ ಬೇಕು. ಓದುವ ಕನ್ನಡಕವು ಅದರ ಕೆಲಸವನ್ನು ಮಾಡದು. ಗೋಡೆಯನ್ನೋ ನೆಲವನ್ನೋ ಕೊರೆಯುವ ಮುನ್ನ ಅದರೊಳಗೆ ವಿದ್ಯುತ್ ತಂತಿ, ಅನಿಲದ ಕೊಳವೆ, ನೀರಿನ ಕೊಳಾಯಿಗಳು ಹಾದಿವೆಯೇ ಎಂದು ವಿಚಾರಿಸಬೇಕು. ದಾದರಿನ ಹಳೆಯ ಕಟ್ಟಡಗಳಲ್ಲಿ ನಕ್ಷೆಯೊಂದು, ಗೋಡೆಯೊಳಗಿರುವುದೇ ಇನ್ನೊಂದು ಆಗಿರುವುದು ಅಪರೂಪವಲ್ಲ.

ಗಾಳಿಯಿಂದ ಮೈಮೇಲಿನ ಧೂಳನ್ನು ಊದಿಕೊಳ್ಳುವ ಚಾಳಿಯು ಎಲ್ಲ ಕಾರ್ಖಾನೆಗಳಲ್ಲಿಯೂ ಉಂಟು. ಒತ್ತಿದ ಗಾಳಿಯು ಚರ್ಮದ ಸಣ್ಣ ಗಾಯದ ಮೂಲಕ ಒಳನುಗ್ಗಬಲ್ಲುದು. ಕಿವಿಯ ತಮಟೆಯನ್ನು ಹರಿಯಬಲ್ಲುದು. ರಕ್ತನಾಳದೊಳಗೆ ಗುಳ್ಳೆಯಾಗಿ ಸೇರಿದರೆ ಪ್ರಾಣವನ್ನೇ ತೆಗೆಯಬಲ್ಲುದು. ಇನ್ನೂ ಒಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ಜೊತೆಗಾರನ ಹಿಂಭಾಗಕ್ಕೆ ಗಾಳಿಯ ಕೊಳವೆ ಹಿಡಿದು ಮಾಡಿದ ಹುಡುಗಾಟಿಕೆಯಿಂದ ಕರುಳು ಹರಿದು ಯುವಕರು ಸತ್ತ ಪ್ರಕರಣಗಳು ನಮ್ಮ ದೇಶದ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಬಟ್ಟೆಯ ಮೇಲಿನಿಂದಲೇ ಈ ಅನಾಹುತ ಸಂಭವಿಸುತ್ತದೆ. ಒಂದೆರಡು ಕ್ಷಣ ಸಾಕು. ಕೆಲಸಕ್ಕೆ ಸೇರಿದ ಹುಡುಗನಿಗೆ ಯಂತ್ರ ತೋರಿಸುವ ಮೊದಲ ದಿನವೇ ಹಿರಿಯರು ಇದನ್ನು ಸ್ಪಷ್ಟವಾಗಿ ತಿಳಿಸಬೇಕು.

ಧೂಳು, ಕಂಪನ, ಸದ್ದು

ಮೇಲೆ ಹೇಳಿದವು ಥಟ್ಟನೆ ಎರಗುವ ಅಪಾಯಗಳು. ಇನ್ನು ಮೂರು ಶತ್ರುಗಳು ವರ್ಷಗಟ್ಟಲೆ ಹೊಂಚಿ ಕೊಲ್ಲುವಂಥವು.

ಮೊದಲನೆಯದು ಧೂಳು. ಕಣ್ಣಿಗೆ ಕಾಣುವ ದಪ್ಪ ಧೂಳು ಮೂಗಿನಲ್ಲಿಯೇ ತಡೆಯಲ್ಪಡುತ್ತದೆ. ಮಿಲಿಮೀಟರಿನ ಸಾವಿರದಲ್ಲಿ ಐದು ಭಾಗಕ್ಕಿಂತಲೂ ಸಣ್ಣದಾದ ಕಣಗಳು ಶ್ವಾಸಕೋಶದ ತುದಿಯ ಗಾಳಿಗೂಡುಗಳವರೆಗೆ ಇಳಿಯುತ್ತವೆ. ಅಲ್ಲಿನ ರಕ್ಷಕ ಜೀವಕೋಶಗಳು ಸಿಲಿಕಾ ಕಣವನ್ನು ನುಂಗಿ ತಾವೇ ಸಾಯುತ್ತವೆ. ಆ ಜಾಗದಲ್ಲಿ ನಾರುಗಂಟು ಬೆಳೆಯುತ್ತದೆ. ಮೃದುವಾದ ಶ್ವಾಸಕೋಶವು ಕ್ರಮೇಣ ಗಡುಸಾಗುತ್ತದೆ. ಇದಕ್ಕೆ ಗುಣಪಡಿಸುವ ಔಷಧವಿಲ್ಲ. ಧೂಳಿನ ಕೆಲಸ ಬಿಟ್ಟ ಮೇಲೂ ರೋಗವು ಮುಂದುವರಿಯಬಹುದು.

ಮುಂಬಯಿಯ ನೆಲದ ಕರಿಗಲ್ಲಿನಲ್ಲಿ ಸಿಲಿಕಾ ಹರಳುಗಳು ವಿರಳ. ಆದರೆ ಕಾಂಕ್ರೀಟಿಗೆ ಬೆರೆಸಿದ ಮರಳಿನಲ್ಲಿ, ಇಟ್ಟಿಗೆಯಲ್ಲಿ, ನೆಲದ ಬಿಲ್ಲೆಗಳಲ್ಲಿ, ಗ್ರಾನೈಟಿನಲ್ಲಿ ಅದು ಧಾರಾಳವಾಗಿದೆ. ಅಡುಗೆಮನೆಯ ಕಟ್ಟೆಗೆ ಹಾಕುವ ಕೃತಕ ಕ್ವಾರ್ಟ್ಸ್ ಚಪ್ಪಡಿಗಳಲ್ಲಿ ಸಿಲಿಕಾ ಪ್ರಮಾಣವು ಶೇಕಡಾ 90ನ್ನೂ ಮುಟ್ಟುವುದುಂಟು. ಇದೇ ಕಾರಣಕ್ಕಾಗಿ ಆಸ್ಟ್ರೇಲಿಯಾ ದೇಶವು 2024ರ ಜುಲೈ 1ರಿಂದ ಅವುಗಳನ್ನು ನಿಷೇಧಿಸಿತು. ಮನೆ ನವೀಕರಿಸುವ ಗೃಹಸ್ಥರು ಇದನ್ನು ಗಮನಿಸಬೇಕು.

ಇದಕ್ಕೆ ಪರಿಹಾರವು ಕೋಲಾರದ್ದೇ: ನೀರು. ಕೊರೆಯುವ ತಾಣಕ್ಕೆ ಸತತವಾಗಿ ನೀರು ಬಿಡಬೇಕು. ದಂತವೈದ್ಯರನ್ನೇ ನೋಡಿ. 1957ರಲ್ಲಿ ಅಮೆರಿಕದ ಜಾನ್ ಬೋರ್ಡನ್ ಬಳಕೆಗೆ ತಂದ ಗಾಳಿಚಕ್ರದ ಬೈರಿಗೆಯು ನಿಮಿಷಕ್ಕೆ ಮೂರು ಲಕ್ಷ ಸುತ್ತುಗಳ ಆಸುಪಾಸಿನಲ್ಲಿ ತಿರುಗಿತು. ಹಲ್ಲು ಕಾಯದಿರಲೆಂದು ಅದರ ಮೊನೆಗೆ ನೀರಿನ ತುಂತುರನ್ನು ಹೊಂದಿಸುತ್ತಾರೆ. ಒಂದು ಹಲ್ಲಿಗಾಗಿ ಮಾಡುವ ಈ ಉಪಚಾರವನ್ನು ಒಬ್ಬ ಮನುಷ್ಯನ ಎರಡು ಶ್ವಾಸಕೋಶಗಳಿಗಾಗಿ ಮಾಡಲಾಗದೆ? ನೀರಿನೊಡನೆ ಮುಖಕ್ಕೆ ಬಿಗಿಯಾಗಿ ಕೂಡುವ ಎನ್-95 ದರ್ಜೆಯ ಮುಖವಾಡವಿರಲಿ. ಕರವಸ್ತ್ರ ಕಟ್ಟಿಕೊಳ್ಳುವುದರಿಂದ ಸಮಾಧಾನವಲ್ಲದೆ ರಕ್ಷಣೆಯಿಲ್ಲ.

ಎರಡನೆಯದು ಕಂಪನ. ಇಟಲಿಯ ಲೋರಿಗಾ ಎಂಬವರು 1911ರಲ್ಲಿ, ಅಮೆರಿಕದ ವೈದ್ಯೆ ಆಲಿಸ್ ಹ್ಯಾಮಿಲ್ಟನ್ 1918ರಲ್ಲಿ, ಗಾಳಿಯ ಉಪಕರಣ ಹಿಡಿಯುವ ಕಲ್ಲುಕುಟಿಗರ ಬೆರಳುಗಳು ಚಳಿಯಲ್ಲಿ ರಕ್ತವಿಲ್ಲದೆ ಬಿಳಿಚಿಕೊಳ್ಳುವುದನ್ನು ವಿವರಿಸಿದರು. ನಮ್ಮ ಬೆಚ್ಚನೆಯ ಹವೆಯಲ್ಲಿ ಬಿಳಿಚುವುದು ಕಡಿಮೆ. ಜೋಮು, ಚುಚ್ಚಿದಂತಾಗುವಿಕೆ, ರಾತ್ರಿ ಕೈನೋವು, ಗುಂಡಿ ಹಾಕಲೂ ಬೆರಳು ಕೇಳದಿರುವುದು ಇವು ಮುನ್ಸೂಚನೆಗಳು. ಯಂತ್ರವನ್ನು ಅಗತ್ಯಕ್ಕಿಂತ ಬಿಗಿಯಾಗಿ ಹಿಡಿಯದಿರುವುದು, ಮೊಂಡಾದ ಮೊನೆ ಬಳಸದಿರುವುದು, ಸರದಿಯ ಮೇಲೆ ಕೆಲಸ ಬದಲಿಸುವುದು, ಧೂಮಪಾನ ಬಿಡುವುದು ಇವು ರಕ್ಷಣೆಯ ಮಾರ್ಗಗಳು.

ಮೂರನೆಯದು ಸದ್ದು. ದಿನಕ್ಕೆ 8 ಗಂಟೆಗಳಿಗೆ 85 ಡೆಸಿಬೆಲ್ ಮೀರಬಾರದೆಂಬುದು ತಜ್ಞರ ಅಭಿಪ್ರಾಯ. ಪ್ರತಿ 3 ಡೆಸಿಬೆಲ್ ಏರಿದಾಗಲೂ ಕಾಲಾವಧಿ ಅರ್ಧವಾಗುತ್ತದೆ. ಹೀಗೆ ಲೆಕ್ಕ ಹಾಕಿದರೆ 100 ಡೆಸಿಬೆಲ್ ಸದ್ದನ್ನು ಕಾಲು ಗಂಟೆಗಿಂತ ಹೆಚ್ಚು ಕೇಳಬಾರದು. ಬಂಡೆ ಕೊರೆಯುವ ಬೈರಿಗೆ ಅದನ್ನೂ ಮೀರಿಸುತ್ತದೆ. ಹೀಗೆ ಕೆಟ್ಟ ಕಿವಿ ಮರಳಿ ಬಾರದು. ಕಿವಿಯ ಬಿರಡೆಗೆ ತಗಲುವ ವೆಚ್ಚ ಅತ್ಯಲ್ಪ.

ಅಪಘಾತವಾದರೆ

ಕಣ್ಣಿಗೆ ಕಣ ಬಿದ್ದರೆ ಉಜ್ಜಬಾರದು. ಶುದ್ಧ ನೀರಿನಿಂದ ತೊಳೆಯಬೇಕು. ನಾಟಿಕೊಂಡಿದ್ದರೆ ಕೀಳಲು ಹೋಗದೆ, ಒತ್ತಡ ಬೀಳದಂತೆ ಕಣ್ಣನ್ನು ಮುಚ್ಚಿ ಆಸ್ಪತ್ರೆಗೆ ಒಯ್ಯಬೇಕು. ಗಾಳಿಯು ಚರ್ಮದೊಳಗೆ ಹೊಕ್ಕ ಗಾಯವು ಸೂಜಿ ಚುಚ್ಚಿದಷ್ಟೇ ಕಾಣಬಹುದು, ನೋವೂ ಅಷ್ಟಾಗಿ ಇರಲಿಕ್ಕಿಲ್ಲ. ಆದರೂ ವಿಳಂಬ ಸಲ್ಲದು. ಗಾಳಿ ನುಗ್ಗಿ ಹೊಟ್ಟೆಯುಬ್ಬರ, ಹೊಟ್ಟೆನೋವು ಕಂಡರೆ ನಾಚಿಕೆಯಿಂದ ಮರೆಮಾಚದೆ ನಡೆದದ್ದನ್ನು ವೈದ್ಯರಿಗೆ ಹೇಳಬೇಕು. ದಾದರಿಗೆ ಪರೇಲಿನ ಕೆ.ಇ.ಎಂ. ಮತ್ತು ಸಯಾನ್‌ನ ಲೋಕಮಾನ್ಯ ತಿಲಕ್ ಆಸ್ಪತ್ರೆಗಳು ಸಮೀಪದಲ್ಲಿವೆ.

ಬೇನೆಯನ್ನು ಗುರುತಿಸುವುದು

ರೋಗಿಯನ್ನು ‘ನಿನ್ನ ಉದ್ಯೋಗವೇನು?’ ಎಂದು ಕೇಳಬೇಕೆಂದು ಇಟಲಿಯ ವೈದ್ಯ ರಮಾಜ್ಜಿನಿ 1700ರಲ್ಲಿಯೇ ತನ್ನ ಗ್ರಂಥದಲ್ಲಿ ಬೋಧಿಸಿದ್ದನು. ಕಲ್ಲು ಕೊರೆಯುವವನು ಕೆಮ್ಮು, ಏದುಸಿರುಗಳಿಂದ ಬಂದಾಗ ಕ್ಷಯವೆಂದು ತಿಳಿದು ತಿಂಗಳುಗಟ್ಟಲೆ ಮದ್ದು ಕೊಡುವುದುಂಟು. ಸಿಲಿಕೋಸಿಸ್ ಇದ್ದವರಿಗೆ ಕ್ಷಯವು ಸುಲಭವಾಗಿ ತಗಲುವುದೂ ನಿಜ. ಎರಡೂ ಒಟ್ಟಿಗೆ ಇರಬಹುದು. ಆದುದರಿಂದ ವೈದ್ಯರು ಕೇಳದಿದ್ದರೂ ರೋಗಿಯೇ ತನ್ನ ಕಸುಬನ್ನೂ, ಎಷ್ಟು ವರ್ಷ ಅದನ್ನು ಮಾಡಿದೆನೆಂಬುದನ್ನೂ ಹೇಳಬೇಕು, ಎದೆಯ ಕ್ಷಕಿರಣ ಚಿತ್ರ ತೆಗೆಸಬೇಕು. 1948ರ ಕಾರ್ಖಾನೆ ಕಾಯಿದೆಯು ಸಿಲಿಕೋಸಿಸನ್ನು ಸರಕಾರಕ್ಕೆ ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಗೆ ಸೇರಿಸಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆಯ ಸಂಹಿತೆಯೂ ಅದನ್ನು ಆ ಪಟ್ಟಿಯಲ್ಲಿ ಉಳಿಸಿಕೊಂಡಿದೆ. ಕಸುಬಿನ ಹೆಸರು ವೈದ್ಯರ ಕಾಗದದಲ್ಲಿ ಬರೆದಿಲ್ಲವಾದರೆ ಈ ಹಕ್ಕುಗಳೆಲ್ಲ ಕಾಗದದಲ್ಲಿಯೇ ಉಳಿಯುತ್ತವೆ.

ನಮ್ಮ ಹೊಣೆ

ಯಂತ್ರ ಹಿಡಿದವನಿಗೆ ಬುದ್ಧಿ ಹೇಳುವುದು ಸುಲಭ. ಆದರೆ ದಿನಗೂಲಿಯವನು ನೀರನ್ನೂ ಮುಖವಾಡವನ್ನೂ ತಾನಾಗಿ ಕೇಳುವ ಸ್ಥಿತಿಯಲ್ಲಿರುವುದಿಲ್ಲ. ಕೇಳಿದರೆ ನಾಳೆ ಕೆಲಸವಿರದೆಂಬ ಅಳುಕು ಅವನಿಗೆ. ಕೇಳಬೇಕಾದವರು ನಾವು. ಗೃಹಸಂಘದ ಸಭೆಗಳಲ್ಲಿ ಕೂತು ದುರಸ್ತಿಯ ಕರಾರಿಗೆ ಸಹಿ ಹಾಕುವವರು ನಾವೇ ಅಲ್ಲವೆ? ಆ ಕರಾರಿನಲ್ಲಿ ನಾಲ್ಕು ಸಾಲು ಹೆಚ್ಚಿಗೆ ಬರೆಯಿಸೋಣ: ಕೊರೆಯುವಾಗ ನೀರು ಹಾಯಿಸತಕ್ಕದ್ದು, ಕನ್ನಡಕ, ಮುಖವಾಡ, ಕಿವಿಯ ಬಿರಡೆಗಳನ್ನು ಗುತ್ತಿಗೆದಾರರೇ ಒದಗಿಸತಕ್ಕದ್ದು, ಕೊಳವೆಯ ಕೀಲುಗಳಿಗೆ ಪಿನ್ನೂ ಹಗ್ಗವೂ ಇರತಕ್ಕದ್ದು, ಕಂಪ್ರೆಸರ್ ತೊಟ್ಟಿಯ ಪರೀಕ್ಷಾಪತ್ರವನ್ನು ತೋರಿಸತಕ್ಕದ್ದು. ಕೆಲಸ ನಡೆಯುವಾಗ ಮೇಲಿನ ಮಹಡಿಯಿಂದ ಒಂದು ಬಕೆಟ್ ನೀರನ್ನೋ ಒಂದು ನಲ್ಲಿಯ ಸಂಪರ್ಕವನ್ನೋ ಕೊಡಲು ಯಾರೂ ಹಿಂಜರಿಯದಿರಲಿ.

ಕಾರ್ಖಾನೆ ನಡೆಸುವ ನಮ್ಮ ಸದಸ್ಯರಿಗೂ ಒಂದು ವಿನಂತಿ. ಬೆಳಗಿನ ಹತ್ತು ನಿಮಿಷಗಳನ್ನು ತೊಟ್ಟಿಯ ನೀರು ಹರಿಸಲು, ಕೊಳವೆ ಪರೀಕ್ಷಿಸಲು, ಬೈರಿಗೆಗೆ ಎಣ್ಣೆ ಹನಿಸಲು ಮೀಸಲಿಡಿ. ಇದರಿಂದ ಯಂತ್ರದ ಆಯುಸ್ಸು ಹೆಚ್ಚುವುದು ಚಿಕ್ಕ ಲಾಭ; ಅದನ್ನು ಹಿಡಿದವನ ಆಯುಸ್ಸು ಉಳಿಯುವುದು ದೊಡ್ಡ ಲಾಭ. ಗಾಳಿಯನ್ನು ಒತ್ತಿ ದುಡಿಸಿಕೊಳ್ಳುವ ಜಾಣ್ಮೆಯನ್ನು ಮನುಷ್ಯ ಸಾಧಿಸಿದ್ದಾನೆ. ದುಡಿಯುವವನು ಸಂಜೆ ಮನೆಗೆ ಮರಳಿ ನಿರಾಳವಾಗಿ ಉಸಿರಾಡುವಂತೆ ನೋಡಿಕೊಂಡಾಗಲೇ ಆ ಜಾಣ್ಮೆಗೆ ಬೆಲೆ.